ಘಟ್ಟವಿಳಿದ ಹತ್ತಿ

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಹಾಗೂ ಲಿವರ್‌ಪೂಲಿನ ವರ್ತಕರು ಧಾರವಾಡ ಸೀಮೆಯ ನಾಡಹತ್ತಿಯನ್ನು ‘ಕುಮಟಾ ಹತ್ತಿ’ಯೆಂದೇ ವ್ಯವಹರಿಸುತ್ತಿದ್ದರು. ಕುಮಟೆಯಾದರೋ ಉತ್ತರಕನ್ನಡದ ಕಡಲತಡಿಯ ಊರು. ತೆಂಗು, ಭತ್ತ, ಮೀನು, ಉಪ್ಪುಗಳಿಗೆ ಹೆಸರಾದ ಆ ಜಂಬುಮಣ್ಣಿನ ಸೀಮೆ ಎರೆನೆಲದ ಬೆಳೆಯಾದ ಹತ್ತಿಗೆ ತಕ್ಕುದಲ್ಲ. ನವಲಗುಂದ, ರೋಣ, ಗದಗು, ಹುಬ್ಬಳ್ಳಿಗಳ ಕರಿಯ ಭೂಮಿಯಲ್ಲಿ ಒಕ್ಕಲಿಗನು ಬಿತ್ತಿ, ಅವನ ಮನೆಯ ಹೆಂಗಸರು ಹೊಲದಲ್ಲಿ ಬಿಡಿಸಿ, ಕಲ್ಲಿನ ಹಲಗೆಯ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿ ಕಾಳು ಬೇರ್ಪಡಿಸಿದ ಅರಳೆಯು, ಸಹ್ಯಾದ್ರಿಯನ್ನಿಳಿದು ಕುಮಟೆಯ ಬಂದರಿನಲ್ಲಿ ಹಡಗೇರಿದ ಒಂದೇ ಕಾರಣದಿಂದ, ಹುಟ್ಟಿದೂರಿನ ಹೆಸರನ್ನು ಬಿಟ್ಟು ದಾರಿಯಲ್ಲಿ ನಾಲ್ಕು ದಿನ ತಂಗಿದ ಊರಿನ ಹೆಸರನ್ನು ಧರಿಸಿತು. ಯೆಮೆನ್ ದೇಶದ ಬೆಟ್ಟಗಳಲ್ಲಿ ಬೆಳೆದ ಕಾಫಿಗೆ ಮೋಕಾ ಎಂಬ ಬಂದರಿನ ಹೆಸರು ಬಂದುದೂ ಹೀಗೆಯೇ.

ಹೆಸರಿನ ಈ ಪಲ್ಲಟ ಬರಿಯ ಭಾಷೆಯ ಕೌತುಕವಾಗಿದ್ದರೆ ಅದನ್ನು ಇಲ್ಲಿಗೇ ಬಿಡಬಹುದಾಗಿತ್ತು. ಆದರೆ ಹೆಸರು ಹೋದ ದಾರಿಯಲ್ಲಿ ಹಣವೂ ಹೋಯಿತು. ಹತ್ತಿಗೆ ಬೆಲೆ ಕಟ್ಟುತ್ತಿದ್ದುದು ಲಿವರ್‌ಪೂಲಿನಲ್ಲಿ. ಅದರಿಂದ ದೊಡ್ಡ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಕಳೆದರೆ ಮುಂಬಯಿಯ ಬೆಲೆ. ಅದರಿಂದ ಕರಾವಳಿಯ ಹಾಯಿಹಡಗಿನ ಖರ್ಚನ್ನೂ ಅಂಡಿಗೆ ಒತ್ತುವ ಕೂಲಿಯನ್ನೂ ಕಳೆದರೆ ಕುಮಟೆಯ ಬೆಲೆ. ಅದರಿಂದ ಗಾಡಿಯ ಬಾಡಿಗೆ, ದಾರಿಯ ಸುಂಕ, ನೆನೆದು ಕೆಟ್ಟ ಪಾಲು, ದಲಾಲಿ, ಮುಂಗಡ ಕೊಟ್ಟವನ ಬಡ್ಡಿ, ಇಷ್ಟನ್ನೂ ಕಳೆದು ಕಟ್ಟಕಡೆಗೆ ಏನುಳಿಯುವುದೋ ಅದು ನವಲಗುಂದದ ಒಕ್ಕಲಿಗನ ಕೈಗೆ. ಲಿವರ್‌ಪೂಲಿನ ಬೆಲೆಯನ್ನು ಏರಿಸುವುದು ಅವನಿಂದಾಗದು, ನಡುವಣ ವೆಚ್ಚವನ್ನು ಇಳಿಸುವುದೂ ಅವನಿಂದಾಗದು. ಆದಕಾರಣ ಘಟ್ಟದ ರಸ್ತೆಯಲ್ಲಿ ಬಿದ್ದ ಒಂದೊಂದು ಕೊರಕಲಿಗೂ, ಮುರಿದ ಒಂದೊಂದು ಅಚ್ಚಿಗೂ, ತಡವಾದ ಒಂದೊಂದು ದಿನಕ್ಕೂ ಹಣ ತೆರುತ್ತಿದ್ದವನು, ಆ ರಸ್ತೆಯನ್ನು ಕಣ್ಣಾರೆ ಕಾಣದೆಯೇ ಹೋಗಿರಬಹುದಾದ ಬಯಲುಸೀಮೆಯ ಬೇಸಾಯಗಾರನೇ ಆಗಿದ್ದನು. ಸರಕುಸಾಗಣೆಗೂ ಒಂದು ಪ್ರದೇಶದ ಅಭ್ಯುದಯಕ್ಕೂ ಇರುವ ಸಂಬಂಧವನ್ನು ಇಂದು ‘ಲಾಜಿಸ್ಟಿಕ್ಸ್’ ಎಂಬ ಹೊಸ ಶಬ್ದದ ಆಶ್ರಯದಲ್ಲಿ ವಿಸ್ತಾರವಾಗಿ ಚರ್ಚಿಸುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಅದೇ ಹೆಸರಿನ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. ಆ ಚರ್ಚೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಈ ಹಳೆಯ ಹತ್ತಿಯ ದಾರಿಗೇ ಮರಳುತ್ತದೆ. ಹೊಸ ಶಾಸ್ತ್ರವು ಹೇಳುವ ಬಹುಪಾಲು ಸಂಗತಿಗಳು ನಮ್ಮ ಕಣ್ಣೆದುರಿನ ಈ ಘಟ್ಟದಲ್ಲಿ ನೂರೈವತ್ತು ವರ್ಷಗಳ ಕೆಳಗೆಯೇ ನಡೆದುಹೋಗಿವೆಯೆಂದು ನನಗೆ ದೃಢವಾಗಿದೆ.

ಆ ದಾರಿಯ ಕಷ್ಟವೇನೆಂಬುದನ್ನು ತಿಳಿಯಬೇಕಾದರೆ ಮೊದಲು ಪಂಚಾಂಗವನ್ನು ನೋಡಬೇಕು. ಧಾರವಾಡದ ನಾಡಹತ್ತಿಯನ್ನು ಮುಂಗಾರು ಮುಗಿಯುತ್ತ ಬಂದಾಗ, ಶ್ರಾವಣ ಭಾದ್ರಪದಗಳಲ್ಲಿ ಬಿತ್ತುತ್ತಾರೆ. ಅದು ಎರೆಯ ಒಡಲಿನ ತೇವವನ್ನೇ ನೆಮ್ಮಿ ಬೆಳೆದು ಮಾಘದಿಂದ ಚೈತ್ರದವರೆಗೆ ಕಾಯಿಬಿರಿಯುತ್ತದೆ. ಇತ್ತ ಕಡಲು ಜ್ಯೇಷ್ಠದ ಹೊತ್ತಿಗೆ ಕೆರಳುತ್ತದೆ. ಒಮ್ಮೆ ಮಳೆಗಾಲ ಕಾಲಿಟ್ಟಿತೆಂದರೆ ಹಾಯಿಹಡಗುಗಳನ್ನು ದಡಕ್ಕೆಳೆದು, ತೆಂಗಿನ ಗರಿಗಳ ಮಾಡು ಹೊದಿಸಿ, ನಾಲ್ಕು ತಿಂಗಳು ಸುಮ್ಮನಿರುವುದಲ್ಲದೆ ಬೇರೆ ಗತಿಯಿಲ್ಲ. ಹೀಗಾಗಿ ಹೊಲದಿಂದ ಬಿಡಿಸಿದ ಹತ್ತಿಯನ್ನು ಮನೆಗೆ ತಂದು, ಕಾಳು ತೆಗೆದು, ಅಂಡಿಗೆ ತುಂಬಿ, ಹುಬ್ಬಳ್ಳಿಯಿಂದ ಶಿರಸಿಯ ಮಾರ್ಗವಾಗಿ ಸುಮಾರು 160 ಕಿಲೋಮೀಟರು ದೂರ ಸಾಗಿಸಿ, ದೇವಿಮನೆ ಘಟ್ಟವನ್ನಿಳಿಸಿ, ಕುಮಟೆಯಲ್ಲಿ ಒತ್ತಿ ಹಡಗಿಗೇರಿಸುವ ಸಮಸ್ತ ಕಾರ್ಯಕ್ಕೂ ದೊರೆಯುತ್ತಿದ್ದುದು ಎರಡು ಎರಡೂವರೆ ತಿಂಗಳುಗಳ ಅವಧಿ. ವರ್ಷದ ಬೆಳೆಯೆಲ್ಲವೂ ಆ ಕಿರಿದಾದ ಬಾಗಿಲಿನಲ್ಲಿ ಏಕಕಾಲಕ್ಕೆ ನುಗ್ಗಬೇಕಾಗಿತ್ತು. ಎಲ್ಲರಿಗೂ ಒಂದೇ ಕಾಲದಲ್ಲಿ ಗಾಡಿ ಬೇಕು, ಎತ್ತು ಬೇಕು, ಮೇವು ಬೇಕು. ಅದೂ ಹುಲ್ಲು ಒಣಗಿ ಕೆರೆಗಳು ಬತ್ತುವ ಬೇಸಗೆಯಲ್ಲಿ. ಬಾಡಿಗೆ ಏರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮೊದಲ ಮಳೆಗೆ ಘಟ್ಟದಲ್ಲಿ ಸಿಕ್ಕಿಕೊಂಡ ಅರಳೆ ಬಣ್ಣಗೆಟ್ಟು ಮುಗ್ಗುತ್ತಿತ್ತು. ಕುಮಟೆಯ ತನಕ ಬಂದು ಹಡಗು ಸಿಕ್ಕದೆ ಉಳಿದ ಅರಳೆ ಕಡಲಗಾಳಿಯ ತೇವವನ್ನು ಹೀರುತ್ತ ಮುಂದಿನ ಆಶ್ವೀಜದವರೆಗೆ ಉಗ್ರಾಣದಲ್ಲಿ ಬಿದ್ದಿರುತ್ತಿತ್ತು, ಅದರೊಳಗೆ ಹುದುಗಿದ ಬಂಡವಾಳಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತಿತ್ತು.

ಗಾಡಿರಸ್ತೆಗಳು ಆಗುವುದಕ್ಕೆ ಮುನ್ನ ಈ ಭಾರವನ್ನು ಹೊತ್ತವು ಹೇರೆತ್ತುಗಳು. ಲಂಬಾಣಿಗಳು ಸಾಲುಸಾಲಾಗಿ ಎತ್ತುಗಳನ್ನು ಹೊಡೆದುಕೊಂಡು, ಹೆಂಡಿರು ಮಕ್ಕಳೊಡನೆ ತಾಂಡವೇ ನಡೆದು ಬರುವಂತೆ, ದಕ್ಷಿಣಾಪಥದ ಉದ್ದಗಲಕ್ಕೂ ಧಾನ್ಯವನ್ನೂ ಉಪ್ಪನ್ನೂ ಸಾಗಿಸುತ್ತಿದ್ದರು. ಒಂದು ಎತ್ತಿನ ಬೆನ್ನಮೇಲೆ ಒಂದು ಕ್ವಿಂಟಲಿನ ಆಸುಪಾಸಿನ ಹೇರು. ಅದೇ ಎತ್ತುಗಳೆರಡನ್ನು ಸಮನಾದ ರಸ್ತೆಯಲ್ಲಿ ಗಾಡಿಗೆ ಹೂಡಿದರೆ ಜೋಡಿಯೊಂದೇ ಅದರ ನಾಲ್ಕೈದು ಪಟ್ಟು ಭಾರವನ್ನೆಳೆಯಬಲ್ಲದು. ರಸ್ತೆಯೆಂದರೆ ಏನೆಂಬುದಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ನನಗೆ ತಿಳಿಯದು: ಎತ್ತು ಅದೇ, ಮೇವು ಅದೇ, ಹೊಡೆಯುವವನು ಅವನೇ, ನೆಲವನ್ನು ತಟ್ಟಿ ಸಮಮಾಡಿದ್ದರಿಂದ ಅವರ ದುಡಿಮೆ ಇಮ್ಮಡಿಯಾಯಿತು.

ಗಾಡಿಯವನ ಲೆಕ್ಕಾಚಾರದಲ್ಲಿ ಇನ್ನೊಂದು ಗುಟ್ಟಿತ್ತು. ಹತ್ತಿ ಹೊತ್ತು ಇಳಿದ ಗಾಡಿ ಬರಿದಾಗಿ ಹತ್ತಿದರೆ ಹೋಗಿಬರುವ ಖರ್ಚೆಲ್ಲವೂ ಹತ್ತಿಯ ತಲೆಯಮೇಲೆಯೇ ಬೀಳುತ್ತದೆ. ಏರುವಾಗಲೂ ಹೇರು ಸಿಕ್ಕಿದರೆ ಆ ಖರ್ಚು ಎರಡು ಸರಕುಗಳಿಗೆ ಹಂಚಿಹೋಗುತ್ತದೆ. ಕುಮಟೆಯ ಸಮೀಪದ ಸಾಣಿಕಟ್ಟೆಯ ಉಪ್ಪಿನಾಗರಗಳು ಈ ದೃಷ್ಟಿಯಿಂದ ಧಾರವಾಡದ ಹತ್ತಿಗೆ ಪರಮೋಪಕಾರಿಗಳಾಗಿದ್ದವು. ಉಪ್ಪು ತಯಾರಾಗುವುದೂ ಬೇಸಗೆಯಲ್ಲಿ, ಹತ್ತಿ ಇಳಿಯುವುದೂ ಬೇಸಗೆಯಲ್ಲಿ; ಬಯಲುಸೀಮೆಯ ಒಂದೊಂದು ಮನೆಗೂ ಉಪ್ಪು ಬೇಕು, ತೆಂಗಿನಕಾಯಿ ಬೇಕು. ಇಂದಿನ ಲಾರಿ ಚಾಲಕರು ‘ರಿಟರ್ನ್ ಲೋಡ್’ ಎಂದು ಕರೆಯುವ, ಅದು ಸಿಕ್ಕುವ ತನಕ ಹೆದ್ದಾರಿಯ ಢಾಬಾಗಳ ಮುಂದೆ ಎರಡೆರಡು ದಿನ ಕಾದುಕೊಂಡಿರುವ ಆ ಮರಳುಹೇರಿನ ಮಹತ್ವವನ್ನು ಲಂಬಾಣಿಯಾಗಲಿ ಚಕ್ಕಡಿಯ ಒಡೆಯನಾಗಲಿ ಯಾವ ಪಾಠಶಾಲೆಯಲ್ಲಿಯೂ ಕಲಿಯಬೇಕಾಗಿರಲಿಲ್ಲ.

1861ರಲ್ಲಿ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಹತ್ತಿ, ದಕ್ಷಿಣದ ಬಂದರುಗಳು ಮುಚ್ಚಿ, ಲ್ಯಾಂಕಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತುಹೋದಾಗ, ಅದುವರೆಗೆ ಯಾರೂ ವಿಶೇಷವಾಗಿ ಲಕ್ಷಿಸದಿದ್ದ ಈ ಘಟ್ಟದ ದಾರಿ ಹಠಾತ್ತನೆ ಸಾಮ್ರಾಜ್ಯದ ಚಿಂತೆಯಾಯಿತು. ಧಾರವಾಡದಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಬಿತ್ತಿಸಿ, ಗರಗಸದ ಹಲ್ಲಿನ ಜಿನ್ನುಗಳನ್ನು ಹಂಚಿ, ಸರ್ಕಾರವು ಉದ್ದನೆಯ ಎಳೆಯ ಹತ್ತಿಯನ್ನು ರೂಢಿಗೆ ತಂದಿದ್ದಿತು; ಆದುದರಿಂದ ಮ್ಯಾಂಚೆಸ್ಟರಿನವರ ಕಣ್ಣು ಮೊದಲು ಇಲ್ಲಿ ಬಿದ್ದುದು ಸಹಜವೇ. ಆದರೆ ಬೆಳೆಯುವ ಧಾರವಾಡ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು, ಇಳಿಯುವ ಕೆನರಾ, ಎಂದರೆ ಕುಮಟೆಯನ್ನೊಳಗೊಂಡ ಸೀಮೆ, ಮದರಾಸಿಗೆ ಸೇರಿದ್ದಿತು. ದಾರಿಯ ನಡುವೆ ಹಾದ ಈ ಗಡಿರೇಖೆಯಿಂದಾಗಿ, ಲಾಭವೆಲ್ಲ ಮೇಲಿನವರಿಗೆ ಸಲ್ಲುವ ರಸ್ತೆಗೆ ಕೆಳಗಿನವರು ಹಣ ಹಾಕಲು ಉತ್ಸಾಹಿಸುವಂತಿರಲಿಲ್ಲ. ಒಂದೇ ನದಿ, ಒಂದೇ ಜನ, ಒಂದೇ ಭಾಷೆಯ ನಾಡನ್ನು ಎರಡು ಖಜಾನೆಗಳ ನಡುವೆ ಹರಿದು ಹಂಚಿದ್ದರ ಫಲವನ್ನು ಕನ್ನಡಿಗರು ಬಹುಕಾಲ ಉಂಡಿದ್ದಾರೆ; ಇದು ಅದರ ಒಂದು ಅಧ್ಯಾಯ. 1862ರಲ್ಲಿ ಉತ್ತರಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಜಿಲ್ಲೆಯ ಸರಹದ್ದನ್ನು ಹತ್ತಿಯ ಅಂಡಿಗೆಯೊಂದು ತಳ್ಳಿ ಸರಿಸಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ಅದೇ ಉತ್ಸಾಹದಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿಯೆಂಬ ಸಂಸ್ಥೆ, ತೆರೆದ ಕಡಲಿನ ಕುಮಟೆಗಿಂತ ಕಾಳೀನದಿಯ ಮುಖದಲ್ಲಿರುವ ಸದಾಶಿವಗಡ ಹಾಗೂ ಕಾರವಾರಗಳ ಆಳವಾದ ರೇವೇ ಲೇಸೆಂದು ನಿಶ್ಚಯಿಸಿ, ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಕಳುಹಿಸಿಕೊಟ್ಟಿತು. ಯಂತ್ರಗಳು ಬಂದಿಳಿದಾಗ ಅಲ್ಲಿಗೆ ಹತ್ತಿ ತರಬೇಕಾದ ಘಟ್ಟದ ರಸ್ತೆಯೇ ಸಿದ್ಧವಾಗಿರಲಿಲ್ಲ. ಕಂಪನಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಬೆಲೆ ಕುಸಿಯಿತು, ಮುಂಬಯಿಯ ಷೇರುಪೇಟೆಯ ಭ್ರಮೆಯೂ ಅದರೊಡನೆ ಒಡೆಯಿತು. ಬಂದರು, ರಸ್ತೆ, ಯಂತ್ರ, ಬೆಲೆ ಈ ನಾಲ್ಕೂ ಒಂದೇ ಗಳಿಗೆಯಲ್ಲಿ ಕೂಡಿಬಾರದಿದ್ದರೆ ಒಂದೊಂದರ ಮೇಲೆ ಸುರಿದ ಹಣವೂ ವ್ಯರ್ಥವಾಗುವುದೆಂಬುದನ್ನು ನಮ್ಮ ಯೋಜನಾಕರ್ತರು ಸದಾಶಿವಗಡದ ಆ ಮರಳಿನಲ್ಲಿ ನಿಂತು ಚಿಂತಿಸಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ಯುದ್ಧಕಾಲದ ಅತಿಯಾದ ಬೆಲೆ ಇನ್ನೊಂದು ರೋಗವನ್ನೂ ಬೆಳೆಸಿತ್ತು: ಅರಳೆಯಲ್ಲಿ ಕಾಳು, ಮಣ್ಣು, ಕೀಳುಹತ್ತಿಯ ಬೆರಕೆ. ಅದನ್ನು ತಡೆಯಲೆಂದು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ವಂಚನೆಯ ವಿರುದ್ಧ ಶಾಸನವನ್ನೇ ಮಾಡಬೇಕಾಯಿತು. ಹತ್ತು ಕೈಗಳನ್ನು ದಾಟಿ ಸಾವಿರಾರು ಮೈಲಿ ಹೋಗುವ ಸರಕಿನಲ್ಲಿ ಯಾರ ಕೈಯಲ್ಲಿ ಬೆರಕೆಯಾಯಿತೆಂದು ಯಾರೂ ಹೇಳಲಾರರು. ಆದಕಾರಣ ಶುದ್ಧವಾದ ಹತ್ತಿಯನ್ನು ತಂದವನಿಗೂ ಬೆರಕೆಯ ಬೆಲೆಯೇ ಸಿಕ್ಕುತ್ತದೆ. ತೂಕ, ದರ್ಜೆ, ಮೊಹರು ಇವೂ ದಾರಿಯ ಅಂಗಗಳೇ.

ದಾರಿಯಿಲ್ಲದಿರುವುದರ ಕಟ್ಟಕಡೆಯ ಅರ್ಥವೇನೆಂಬುದನ್ನು ನಮ್ಮ ನಾಡು 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಕಂಡಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿ ಐವತ್ತು ಲಕ್ಷಕ್ಕೂ ಮಿಕ್ಕ ಜನರನ್ನು ಎಣಿಸಿತ್ತು. 1881ರಲ್ಲಿ ಎಣಿಸಿದಾಗ ಸಿಕ್ಕವರು ನಲವತ್ತೆರಡು ಲಕ್ಷಕ್ಕೂ ಕಡಿಮೆ. ಮದರಾಸಿನ ಕಡೆಯಿಂದ ಬೆಂಗಳೂರಿನ ತನಕ 1864ರಲ್ಲಿಯೇ ರೈಲು ಬಂದಿತ್ತು. ಆದರೆ ಅಲ್ಲಿಂದ ಮುಂದೆ ತುಮಕೂರಿಗೆ, ಚಿತ್ರದುರ್ಗಕ್ಕೆ, ಹಾಸನಕ್ಕೆ ಧಾನ್ಯ ಗಾಡಿಯಲ್ಲಿಯೇ ಹೋಗಬೇಕಾಗಿತ್ತು, ಗಾಡಿಯನ್ನೆಳೆಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ಆ ಮೊದಲೇ ಸತ್ತಿದ್ದವು. ಬರಗಾಲವು ಮೊದಲು ಕೊಲ್ಲುವುದು ಸಾಗಣೆಯನ್ನು. ಒಂದು ಊರಿನಲ್ಲಿ ಧಾನ್ಯದ ಮೂಟೆಗಳಿದ್ದು, ನೂರು ಮೈಲಿಯಾಚೆಯ ಇನ್ನೊಂದು ಊರಿನಲ್ಲಿ ಜನರು ಸಾಯುವ ಈ ಘೋರವನ್ನು ನೆನೆದಾಗ, ಸಾಗಣೆಯೆಂಬುದು ವ್ಯಾಪಾರಿಗಳ ವಿಷಯವೆಂದು ಅಸಡ್ಡೆಮಾಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನಿಂದ ಮೈಸೂರಿನ ರೈಲುದಾರಿಯ ಕೆಲಸ ಆ ಕ್ಷಾಮದಲ್ಲಿಯೇ ಹಸಿದವರ ಕೈಗಳಿಂದ ಆರಂಭವಾಗಿ 1882ರಲ್ಲಿ ಮೈಸೂರು ಮುಟ್ಟಿತು. 1880ರ ಕ್ಷಾಮ ಆಯೋಗವು ಬರಪೀಡಿತ ಸೀಮೆಗಳಿಗೆ ರಕ್ಷಣೆಯ ರೈಲುದಾರಿಗಳು ಅವಶ್ಯವೆಂದು ಹೇಳಿತು. ಬಿಜಾಪುರ, ಗದಗು, ಹುಬ್ಬಳ್ಳಿ, ಬಳ್ಳಾರಿಗಳನ್ನು ಹೆಣೆಯುವುದಕ್ಕಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು.

ರೈಲು ಬಂದಿತು, ಆದರೆ ಯಾವ ದಾರಿಯಲ್ಲಿ ಕಡಲಿಗಿಳಿಯಬೇಕು? ಕಾರವಾರವೇ ಅದರ ತುದಿಯಾಗಬೇಕೆಂದು ಇಪ್ಪತ್ತು ವರ್ಷಗಳಿಂದ ವಾದಿಸಿದವರಿದ್ದರು. ಆದರೆ 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ತುಗೀಸರಿಗೂ ಒಂದು ಒಪ್ಪಂದವಾಗಿ, ಗೋವೆಯ ಮರ್ಮಗೋವಾ ಬಂದರಿನಿಂದ ಘಟ್ಟದ ನೆತ್ತಿಯ ಕ್ಯಾಸಲ್‌ರಾಕಿನವರೆಗೆ ಪೋರ್ತುಗೀಸರ ಕಡೆಯಿಂದಲೂ, ಅಲ್ಲಿಂದ ಮೇಲೆ ಬ್ರಿಟಿಷರ ಕಡೆಯಿಂದಲೂ ಮೀಟರ್ ಗೇಜಿನ ದಾರಿ ಹಾಕುವುದೆಂದು ನಿಶ್ಚಯವಾಯಿತು. ಅದೇ ಒಪ್ಪಂದದಲ್ಲಿ ಗೋವೆಯ ಉಪ್ಪಿನ ಮೇಲಣ ಹಿಡಿತವೂ ಬ್ರಿಟಿಷರಿಗೆ ಹೋಗಿ, ಅಲ್ಲಿನ ಉಪ್ಪಿನಾಗರದ ಬಡವರು ಕೆಟ್ಟರು. ದೂಧಸಾಗರದ ಜಲಪಾತದ ಮಗ್ಗುಲಿನಲ್ಲಿ, ಮೂವತ್ತೇಳು ಅಡಿಗೊಂದು ಅಡಿಯ ಕಡಿದಾದ ಏರಿನಲ್ಲಿ, ಸುರಂಗದಿಂದ ಸುರಂಗಕ್ಕೆ ನುಸುಳುತ್ತ ಆ ದಾರಿ 1888ರ ಹೊತ್ತಿಗೆ ಹುಬ್ಬಳ್ಳಿಯನ್ನು ಕಡಲಿಗೆ ಕೂಡಿಸಿತು. ಹತ್ತು ದಿನಗಳ ಗಾಡಿಯ ಪ್ರಯಾಣ ಒಂದು ಹಗಲು ಒಂದು ರಾತ್ರಿಯ ಮಾತಾಯಿತು. ಮಳೆಗಾಲದಲ್ಲಿಯೂ ಅರಳೆ ನೆನೆಯದೆ ಹೋಗುವಂತಾಯಿತು. ಆಮೇಲೆ ದೇವಿಮನೆಯನ್ನಿಳಿಯುವ ಹತ್ತಿಯ ಗಾಡಿಗಳು ಕಡಮೆಯಾಗುತ್ತ ಬಂದವು. ಕುಮಟೆಯಲ್ಲಿ ಒತ್ತುವ ಯಂತ್ರದವನು, ಹುಂಡಿ ಬರೆಯುವ ಸಾಹುಕಾರ, ಹಮಾಲ, ಗಾಡಿಗೆ ಪಟ್ಟೆ ಹೊಡೆಯುವ ಕಮ್ಮಾರ, ಹಡಗಿನ ತಂಡೇಲ, ಇವರೆಲ್ಲರ ಅನ್ನ ಒಂದೇ ಸೆಲೆಯಿಂದ ಬರುತ್ತಿದ್ದುದು ಅದು ಬತ್ತಿದಾಗ ಗೊತ್ತಾಯಿತು. ಊರಿನವರು ಮಾಡಿದ ತಪ್ಪೇನೂ ಇರಲಿಲ್ಲ. ಅವರ ಬಂದರು ಮೊದಲಿದ್ದಂತೆಯೇ ಇದ್ದಿತು, ಕಡಲು ಅದೇ, ಘಟ್ಟವೂ ಅದೇ. ಎಂಬತ್ತು ಮೈಲಿ ಉತ್ತರಕ್ಕೆ ಯಾರೋ ಕಬ್ಬಿಣದ ಎರಡು ಕಂಬಿಗಳನ್ನು ಹಾಸಿದರು, ಅಷ್ಟೇ. ಹತ್ತಿಗೆ ಮಾತ್ರ ಕುಮಟಾ ಎಂಬ ಹೆಸರು ಇಪ್ಪತ್ತನೆಯ ಶತಮಾನದಲ್ಲಿಯೂ ಅಂಟಿಕೊಂಡೇ ಇದ್ದಿತು.

ಇಂತಹ ಕಂಬಿಗಳು ಒಟ್ಟಿನಲ್ಲಿ ದೇಶಕ್ಕೆ ಎಷ್ಟು ಹಿತಮಾಡಿದವೆಂಬುದನ್ನು ಅಳೆಯಲು ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ನರು ಅನುಸರಿಸಿದ ಉಪಾಯ ನನಗೆ ಬಹಳ ಮೆಚ್ಚಾದುದು. ಬ್ರಿಟಿಷ್ ಇಂಡಿಯಾದಲ್ಲಿ ಒಂದೊಂದು ಬಗೆಯ ಉಪ್ಪು ಒಂದೊಂದೇ ಜಾಗದಲ್ಲಿ ತಯಾರಾಗಿ ದೂರದೂರಕ್ಕೆ ಹೋಗುತ್ತಿತ್ತು. ಆದುದರಿಂದ ತಯಾರಾಗುವಲ್ಲಿಯ ಬೆಲೆಗೂ ದೂರದ ಜಿಲ್ಲೆಯ ಬೆಲೆಗೂ ಇರುವ ಅಂತರವೇ ಸಾಗಣೆಯ ವೆಚ್ಚವನ್ನು ತಿಳಿಸುತ್ತದೆ. ಹಳೆಯ ಉಪ್ಪಿನ ಬೆಲೆಗಳ ಕಡತಗಳನ್ನು ಜಿಲ್ಲೆಜಿಲ್ಲೆಗೆ ಜಾಲಾಡಿ ಅವರು 2018ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ರೈಲು ಮುಟ್ಟಿದ ಜಿಲ್ಲೆಯಲ್ಲಿ ಬೇಸಾಯದ ನಿಜವಾದ ವರಮಾನ ಸುಮಾರು ಶೇಕಡ 16ರಷ್ಟು ಹೆಚ್ಚಿತು. ಸಾಣಿಕಟ್ಟೆಯಿಂದ ಎತ್ತಿನ ಬೆನ್ನೇರಿದ ಉಪ್ಪಿನಂತಹದೇ ಉಪ್ಪು ಸಾಮ್ರಾಜ್ಯದ ಲೆಕ್ಕಪತ್ರಕ್ಕೆ ಸಾಕ್ಷಿಯಾಗಿ ನಿಂತಿತಲ್ಲವೆ!

ಆದರೂ ಈ ಸರಾಸರಿಯ ಸಂಖ್ಯೆಯೊಳಗೆ ಅಳಿದುಹೋದವರ ಲೆಕ್ಕ ಕಾಣಿಸುವುದಿಲ್ಲ. ದಾರಿ ಎರಡೂ ಕಡೆಗೆ ತೆರೆದಿರುತ್ತದೆ. ಹತ್ತಿಯನ್ನು ಅಗ್ಗವಾಗಿ ಇಳಿಸಿದ ರೈಲೇ ಗಿರಣಿಯ ನೂಲನ್ನೂ ಮ್ಯಾಂಚೆಸ್ಟರಿನ ಬಟ್ಟೆಯನ್ನೂ ಅಗ್ಗವಾಗಿ ಏರಿಸಿ ತಂದಿತು. ಅದುವರೆಗೆ ಘಟ್ಟದ ಎತ್ತರವೂ ದಾರಿಯ ದುರ್ಗಮತೆಯೂ ಒಳನಾಡಿನ ನೂಲುವವಳಿಗೆ ಒಂದು ಕೋಟೆಯಂತಿದ್ದವು. ಆ ಕೋಟೆ ಬಿದ್ದಮೇಲೆ ಅವಳ ರಾಟಿ ಅಟ್ಟ ಸೇರಿತು. ಕೈಮಗ್ಗದವನು ಮಾತ್ರ ಗಿರಣಿಯ ನೂಲನ್ನೇ ಹಿಡಿದು, ಗಿರಣಿಗೆ ಎಟುಕದ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳಂತಹ ಕಸುಬಿನಲ್ಲಿ ಉಸಿರು ಹಿಡಿದುಕೊಂಡನು. ಲಂಬಾಣಿಗಳ ಗತಿ ಇನ್ನೂ ಕಠಿನವಾದುದು. ಶತಮಾನಗಳ ಕಾಲ ಸೈನ್ಯಗಳಿಗೂ ನಗರಗಳಿಗೂ ಅನ್ನ ಹೊತ್ತ ಜನ ಗಾಡಿರಸ್ತೆ ಹಾಗೂ ರೈಲುಗಳ ಕೈಯಲ್ಲಿ ತಮ್ಮ ವೃತ್ತಿಯನ್ನು ಕಳೆದುಕೊಂಡು, ಅಲೆದಾಟವೇ ಅಪರಾಧವೆಂದು ಬಗೆದ ಆಳ್ವಿಕೆಯ ಸಂಶಯಕ್ಕೆ ಗುರಿಯಾಗಿ, ಊರಾಚೆಯ ತಾಂಡಗಳಲ್ಲಿ ಕೂಲಿಗಳಾಗಿ ನೆಲೆನಿಂತರು. ಸಾಗಣೆ ಸುಧಾರಿಸಿದಾಗ ಹಳೆಯ ಸಾಗಣೆಗಾರನಿಗೆ ಏನಾಯಿತೆಂದು ಯಾವ ಆಯೋಗವೂ ಕೇಳಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕಡಲಿಲ್ಲದ ಮೈಸೂರು ಸಂಸ್ಥಾನದ ಕೊರಗನ್ನೂ ಇಲ್ಲಿ ಒಂದು ಮಾತಿನಲ್ಲಿ ನೆನೆಯಬೇಕು. ಭದ್ರಾವತಿಯ ಕಬ್ಬಿಣವನ್ನು ಕನಸು ಕಂಡ ವಿಶ್ವೇಶ್ವರಯ್ಯನವರು, ಸಂಸ್ಥಾನಕ್ಕೆ ಭಟ್ಕಳದಲ್ಲಿ ಸ್ವಂತದ ಬಂದರೂ, ಅಲ್ಲಿಗೆ ರೈಲೂ ಬೇಕೆಂದು ಬಹುವಾಗಿ ಆಗ್ರಹಪಡಿಸಿದರು. ಅದು ಕೈಗೂಡಲಿಲ್ಲ. ಮಂಗಳೂರಿನಲ್ಲಿ ಹೊಸ ಬಂದರು 1974ರಲ್ಲಿ, ಹಾಸನದಿಂದ ಅಲ್ಲಿಗೆ ಸಕಲೇಶಪುರದ ಘಟ್ಟವನ್ನಿಳಿಯುವ ರೈಲು 1979ರಲ್ಲಿ ಆದವು.

ಇನ್ನು ಹುಬ್ಬಳ್ಳಿ. ಮೊದಲೇ ಪೇಟೆಯ ಊರಾಗಿದ್ದ ಅದು ನಾಲ್ಕು ದಿಕ್ಕಿನ ಕಂಬಿಗಳು ಕೂಡುವ ಠಾವಾಗಿ, 1880ರ ದಶಕದಲ್ಲಿಯೇ ರೈಲ್ವೆಯ ಕಾರ್ಖಾನೆಯನ್ನು ಪಡೆಯಿತು. ಆ ಕಾರ್ಖಾನೆಯಲ್ಲಿ ಲೋಹವನ್ನು ಕೊರೆಯುವ, ಬೆಸೆಯುವ, ಅಳೆಯುವ ವಿದ್ಯೆಯನ್ನು ಕಲಿತ ಕೈಗಳು ತಲೆಮಾರಿನಿಂದ ತಲೆಮಾರಿಗೆ ಊರಿನಲ್ಲಿಯೇ ಉಳಿದವು. ಹತ್ತಿಯ ಜಿನ್ನು ಕೆಟ್ಟರೆ, ಗಾಡಿಯ ಅಚ್ಚು ಮುರಿದರೆ, ಮುಂದೆ ಲಾರಿಯ ಎಂಜಿನ್ ನಿಂತರೆ ಸರಿಮಾಡುವವನು ಅದೇ ಓಣಿಯಲ್ಲಿ ಸಿಕ್ಕುತ್ತಿದ್ದನು. ಕುಮಟೆಗೂ ಹುಬ್ಬಳ್ಳಿಗೂ ಇರುವ ನಿಜವಾದ ಅಂತರ ಇಲ್ಲಿದೆಯೆಂದು ನನ್ನ ಎಣಿಕೆ. ಕುಮಟೆಯ ಮೂಲಕ ಹತ್ತಿ ಹಾದುಹೋಯಿತು. ಹುಬ್ಬಳ್ಳಿಯಲ್ಲಿ ಹಾದುಹೋದ ಹತ್ತಿಯ ಜೊತೆಗೆ ಕಾಳು ತೆಗೆಯುವ ಜಿನ್ನು, ಒತ್ತುವ ಪ್ರೆಸ್ಸು, ಸಾಲ ಕೊಡುವ ಅಡತಿ ಅಂಗಡಿ, ತಿದ್ದುವ ಕಮ್ಮಟ, ತೂಕ, ಉಗ್ರಾಣ ಇವೆಲ್ಲ ಬೇರುಬಿಟ್ಟವು. ಆ ಪರಂಪರೆಯ ಮುಂದುವರಿಕೆಯೆಂಬಂತೆ, ಪಕ್ಕದ ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯೊಡನೆ ವಿಜಯ ಸಂಕೇಶ್ವರರು ಆರಂಭಿಸಿದ ಸಾಗಣೆಯ ಉದ್ಯಮ ಹುಬ್ಬಳ್ಳಿಯಲ್ಲಿ ನೆಲೆಯೂರಿ ದೇಶದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಇಲ್ಲಿಗೆ ಬಂದಿತು. 2023ರ ಮಾರ್ಚಿನಲ್ಲಿ 1507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿದೀರ್ಘವೆನ್ನುವ ಪ್ಲಾಟ್‌ಫಾರಮ್ಮು ಉದ್ಘಾಟನೆಯಾಯಿತು. ಆ ಪ್ಲಾಟ್‌ಫಾರಮ್ಮಿನ ಉದ್ದಕ್ಕಿಂತ ಅಮರಗೋಳದ ಮಾರುಕಟ್ಟೆಯ ಪ್ರಾಂಗಣದಲ್ಲಿ ಮಾಲು ಇಳಿಸಿ ತೂಕಕ್ಕಾಗಿ ಕಾಯುವ ರೈತನ ಸಾಲಿನ ಉದ್ದ ನನಗೆ ಹೆಚ್ಚು ಮುಖ್ಯವಾದುದು. ಕಾದ ಒಂದೊಂದು ತಾಸೂ ಅವನ ಬೆಲೆಯಿಂದ ಕಳೆಯುವ ಲೆಕ್ಕವೇ.

ಹಾದುಹೋಗುವ ಸಂಪತ್ತು ಬೇರುಬಿಡದೆ ಹೋದರೆ ಏನಾಗುವುದೆಂಬುದನ್ನು ಅದೇ ಘಟ್ಟ ಇತ್ತೀಚೆಗೆ ಮತ್ತೆ ತೋರಿಸಿತು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ, ಸಂಡೂರು ಹೊಸಪೇಟೆಗಳಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ಮಾರ್ಗವಾಗಿ ಬೇಲೇಕೇರಿ, ಕಾರವಾರಗಳಿಗೆ ಲಾರಿಗಳ ಸಾಲು ಹಗಲಿರುಳು ಇಳಿಯಿತು. ನಾನು ಆ ವರ್ಷಗಳಲ್ಲಿ ಆ ರಸ್ತೆಯಲ್ಲಿ ಪ್ರಯಾಣಮಾಡಿದವನು. ಮರಗಳ ಎಲೆಗಳು ಕೆಂಪಾಗಿದ್ದವು. ರಸ್ತೆಯ ಮೈಮೇಲೆ ಮೊಣಕಾಲುದ್ದದ ಗುಂಡಿಗಳು. ಯಲ್ಲಾಪುರದಾಚೆ ನಮ್ಮ ಬಸ್ಸು ಅದಿರಿನ ಲಾರಿಗಳ ನಡುವೆ ಸಿಕ್ಕಿ ನಾಲ್ಕು ತಾಸು ಕದಲಲಿಲ್ಲ, ಎದುರಿನ ಸೀಟಿನಲ್ಲಿ ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಗಳೊಬ್ಬಳು ತಾಯಿಯ ಹೆಗಲ ಮೇಲೆ ತಲೆಯಿಟ್ಟು ಕಣ್ಣುಮುಚ್ಚಿ ಕುಳಿತಿದ್ದಳು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಮರುವರ್ಷ ಆ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಬಂದಿತು, ಬಳ್ಳಾರಿಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ತಡೆಯಿತು. ಲಾರಿಗಳು ನಿಂತವು. ಸಾಲ ಮಾಡಿ ಲಾರಿ ಕೊಂಡ ನೂರಾರು ಜನ ಕಂತು ಕಟ್ಟಲಾರದೆ ಬಳಲಿದರು. ಇಷ್ಟು ದೊಡ್ಡ ಸಾಗಣೆ ನಡೆದರೂ ಅದು ಹಾದುಹೋದ ತಾಲೂಕುಗಳಲ್ಲಿ ಒಂದು ಕಸುಬನ್ನಾಗಲಿ ಒಂದು ಕಮ್ಮಟವನ್ನಾಗಲಿ ನೆಲೆಗೊಳಿಸಿದ್ದನ್ನು ನಾನು ಕಾಣಲಿಲ್ಲ.

ಹುಬ್ಬಳ್ಳಿಯಿಂದ ಅಂಕೋಲೆಗೆ ನೇರವಾದ ರೈಲುದಾರಿ ಬೇಕೆಂಬುದು ಮ್ಯಾಂಚೆಸ್ಟರಿನವರ ಕಾಲದ ಆಸೆ. ಸುಮಾರು 165 ಕಿಲೋಮೀಟರಿನ ಆ ದಾರಿ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಮಂಜೂರಾಗಿ, ಘಟ್ಟದ ದಟ್ಟವಾದ ಕಾಡಿನ ಪ್ರಶ್ನೆ ಎದ್ದು, ಅರಣ್ಯ ಸಮಿತಿಗಳ ಹಾಗೂ ನ್ಯಾಯಾಲಯಗಳ ಮೆಟ್ಟಿಲುಗಳಲ್ಲಿ ಕಾಲ ಕಳೆಯಿತು. ಹುಬ್ಬಳ್ಳಿಯ ವರ್ತಕರು ಇದಕ್ಕಾಗಿ ಹೋರಾಡುವುದನ್ನು ನಾನು ಬಲ್ಲೆ, ಅವರ ವಾದದಲ್ಲಿ ಸತ್ಯವಿದೆ: ಮೇಲೆ ಹೇಳಿದಂತೆ ದಾರಿಯ ವೆಚ್ಚವೆಲ್ಲ ಕೊನೆಗೆ ರೈತನ ತಲೆಗೇ ಬೀಳುತ್ತದೆ. ಆದರೆ ಆ ಕಾಡನ್ನು ಕೇವಲ ಅಡ್ಡಿಯೆಂದು ಕರೆಯಲು ನನಗೆ ಮನಸ್ಸು ಬಾರದು. ಬೇಡ್ತಿಯ ಕಣಿವೆಯ ನೀರು, ಮಂಗಟ್ಟೆ ಹಕ್ಕಿಯ ಮರಗಳು, ಮಳೆಯನ್ನು ಹಿಡಿದು ಮಣ್ಣನ್ನು ಕಟ್ಟುವ ಬೇರುಗಳು ಇವುಗಳನ್ನು ಕಳೆದುಕೊಂಡ ಗುಡ್ಡ ಸುಮ್ಮನಿರುವುದಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಮಳೆಗೆ ಕುಸಿದು, ಚಹದಂಗಡಿಯ ಕುಟುಂಬವನ್ನೂ ವಿಶ್ರಾಂತಿಗಾಗಿ ನಿಂತಿದ್ದ ಲಾರಿಯವರನ್ನೂ ಗಂಗಾವಳಿ ನದಿಗೆ ನೂಕಿತು. ರಸ್ತೆ ಅನೇಕ ದಿನ ಮುಚ್ಚಿತು. ನನ್ನ ಅಭಿಪ್ರಾಯ ಕೇಳಿದರೆ, ಹೊಸ ಕಂಬಿಗಿಂತ ಮೊದಲು ಇರುವ ಘಟ್ಟರಸ್ತೆಗಳ ಇಳಿಜಾರನ್ನು ಭದ್ರಪಡಿಸಿ, ಬಯಲುಸೀಮೆಯ ಮಾರುಕಟ್ಟೆಗಳಲ್ಲಿ ಉಗ್ರಾಣಗಳನ್ನು ಕಟ್ಟುವುದು ಒಳ್ಳೆಯದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಟ್ಟು ಬೆಲೆ ಬರುವತನಕ ಕಾಯಬಲ್ಲ ರೈತನಿಗೂ, ಸುಗ್ಗಿಯ ನೂಕುನುಗ್ಗಲಿನಲ್ಲಿಯೇ ಮಾರಲೇಬೇಕಾದ ರೈತನಿಗೂ ಇರುವ ಭೇದವನ್ನು ಕಂಡವರು ಇದನ್ನು ಒಪ್ಪಿಯಾರು. ಕಾಯುವ ಶಕ್ತಿಯೂ ಒಂದು ಸಾಗಣೆ. ಅದು ಮಾಲನ್ನು ಒಂದು ತಿಂಗಳಿನಿಂದ ಇನ್ನೊಂದು ತಿಂಗಳಿಗೆ ಒಯ್ಯುತ್ತದೆ.

ಕುಮಟೆಗೂ ಕಡೆಗೊಮ್ಮೆ ರೈಲು ಬಂದಿತು, 1990ರ ದಶಕದಲ್ಲಿ. ಆದರೆ ಕೊಂಕಣ ರೈಲಿನ ಕಂಬಿಗಳು ಕಡಲಿನ ಮಗ್ಗುಲಲ್ಲಿ ಉತ್ತರ ದಕ್ಷಿಣವಾಗಿ ಓಡುತ್ತವೆ, ಘಟ್ಟವನ್ನೇರುವುದಿಲ್ಲ. ಕಳೆದ ಚೈತ್ರದಲ್ಲಿ ನಾನು ಹೆಡ್ ಬಂದರಿನ ಕಡೆಯಿಂದ ನಡೆದು ಸಂಜೆಯ ಹೊತ್ತಿಗೆ ನಿಲ್ದಾಣಕ್ಕೆ ಬಂದು ಕುಳಿತಿದ್ದೆ. ಮಹಾರಾಷ್ಟ್ರದ ಕೊಲಾಡಿನಿಂದ ಸುರತ್ಕಲ್ಲಿಗೆ, ತುಂಬಿದ ಲಾರಿಗಳನ್ನೇ ಬಯಲು ವ್ಯಾಗನ್ನುಗಳ ಮೇಲೆ ನಿಲ್ಲಿಸಿ ಒಯ್ಯುವ ಗಾಡಿ ದೂರದಿಂದ ಕೂಗುತ್ತ ಬಂದಿತು. ತಾಡಪಾಲು ಬಿಗಿದ ಲಾರಿಗಳು ಒಂದರ ಹಿಂದೊಂದು ಕಣ್ಣೆದುರಿಗೆ ಹಾದವು. ಚಾಲಕರು ತಮ್ಮ ತಮ್ಮ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಮಲಗಿದ್ದರು, ಒಬ್ಬನು ಬಾಗಿಲು ತೆರೆದು ಕುಳಿತು ಗಾಳಿಗೆ ಮುಖವೊಡ್ಡಿದ್ದನು. ಪಕ್ಕದಲ್ಲಿ ನಿಂತಿದ್ದ ಹಮಾಲನೊಬ್ಬನನ್ನು, ಈ ಗಾಡಿ ಇಲ್ಲಿ ನಿಲ್ಲುವುದೇ ಎಂದು ಕೇಳಿದೆ. ‘ಇಲ್ಲ ರಾಯರೆ, ಇಲ್ಲಿ ಹತ್ತಿಸೂದಾದ್ರೂ ಏನೈತಿ?’ ಎಂದನು. ಅವನ ಮಾತು ಘಟ್ಟದ ಮೇಲಿನದು. ಯಾವೂರಪ್ಪ ಎಂದೆ. ನವಲಗುಂದದ ಕಡೆಯವನಂತೆ, ಅಣ್ಣನಿಗೆ ಇನ್ನೂ ನಾಲ್ಕೆಕರೆ ಎರೆಯಿದೆ, ಈ ಸಲವೂ ಹತ್ತಿ ಹಾಕಿದ್ದಾನೆ ಎಂದು ಹೇಳಿ, ತಲೆಯ ಸಿಂಬೆಯನ್ನು ಸರಿಪಡಿಸಿಕೊಂಡು, ಬರಲಿದ್ದ ಪ್ಯಾಸೆಂಜರಿನ ಕಡೆಗೆ ನಡೆದನು.